ಮಂಜು ನೋಡಿ ಟಿಕೆಟ್ ತೆಗೆಯುವ ಭಾಗ್ಯಲಕ್ಷ್ಮಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸೂರಿನ ಬಾಗಲೂರು ರಸ್ತೆಯ ಮನೆಯೊಂದರ ತಾರಸಿಯ ಮೇಲೆ ಭಾಗ್ಯಲಕ್ಷ್ಮಿ ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದಾರೆ. ಚಂದ್ರಚೂಡೇಶ್ವರನ ಬೆಟ್ಟ ಇರುವ ದಿಕ್ಕಿಗೆ ಅವರ ಮುಖ. ಅಲ್ಲಿ ಬೆಟ್ಟವಿದೆ ಎಂದು ನಮಗೆ ಮೊದಲೇ ಗೊತ್ತಿರುವುದರಿಂದ ಇದೆ ಎನ್ನಬೇಕು, ಕಣ್ಣಿಗಂತೂ ಏನೂ ಕಾಣುತ್ತಿಲ್ಲ. ಅವರು ಫೋನು ತೆಗೆದು ಮುನೀಶ್‌ಗೆ ಹಚ್ಚುತ್ತಾರೆ. ಮುನೀಶ್ ದಿನಾ ಹೊಸೂರಿನ ಗುಲಾಬಿ ತುಂಬಿಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನಿನ ಡ್ರೈವರು.

"ಎಲ್ಲಿದ್ದೀಯಪ್ಪಾ?"

"ಟೋಲ್ ದಾಟಿವ್ನಿ ಅಕ್ಕ. ಮುಂದ್ಗಡೆ ಲಾರಿ ಲೈಟೇ ಕಾಣಾಕಿಲ್ಲ. ಉರುಳ್ಕಂಡು ಹೋಯ್ತಾ ಇವ್ನಿ."

ಹೊಸೂರಿನ ಬೆಟ್ಟ ಮಂಜಿನಲ್ಲಿ ಮುಚ್ಚಿದರೆ ದೇವನಹಳ್ಳಿಯಲ್ಲಿ ವಿಮಾನ ನಿಲ್ಲುತ್ತದೆಯೇ ಎಂದು ನಾನು ಕೇಳುತ್ತೇನೆ. ಪತ್ರಕರ್ತರಿಗೆ ಇಂಥ ಪ್ರಶ್ನೆ ಕೇಳದೆ ಇರಲಾಗುವುದಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಏನೂ ಇಲ್ಲ ಸಾರ್. ಬೆಟ್ಟ ನೋಡ್ದೆ ಕಾಫಿ ಕುಡಿದ್ರೆ ಗಂಟ್ಲಲ್ಲಿ ಇಳಿಯಲ್ಲ, ಅಷ್ಟೇ" ಎಂದು ನಗುತ್ತಾ ಮೆಟ್ಟಿಲಿಳಿಯುತ್ತಾರೆ.

ನಲವತ್ತೆಂಟರ ಭಾಗ್ಯಲಕ್ಷ್ಮಿಯ ಕಸುಬು ಟಿಕೆಟ್ ಮಾಡಿಕೊಡುವುದು. ಮನೆಯ ಕೆಳಗೇ ಅಂಗಡಿ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಗೋಡೆಯ ಮೇಲೆ ಮೂರು ಭಾಷೆಯ ಮೂರು ಕ್ಯಾಲೆಂಡರು. ಟಿಕೆಟ್ ಈಗ ಯಾರು ಬೇಕಾದರೂ ಫೋನಿನಲ್ಲೇ ತೆಗೆಯಬಹುದು, ಇವರೇಕೆ ಬೇಕು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿಗೆ ಬರುವ ಮಂದಿ ಟಿಕೆಟ್ ಕೊಡಿ ಅನ್ನುವುದಿಲ್ಲ. ಯಾವಾಗ ತೆಗೆಯೋಣ, ಯಾವ ದಿನಕ್ಕೆ ತೆಗೆಯೋಣ ಎನ್ನುತ್ತಾರೆ. ಅದಕ್ಕೆ ಫೋನು ಉತ್ತರ ಕೊಡುವುದಿಲ್ಲ.

ದಿನಕ್ಕೆ ಎಂಟು ಹತ್ತು ಜನ ಬರುತ್ತಾರೆ, ಟಿಕೆಟ್ ಆಗುವುದು ಒಂದೋ ಎರಡೋ. ಉಳಿದವರೆಲ್ಲ ಮಾತಾಡಿ ಹೋಗುವವರು. "ನವೆಂಬರು ಡಿಸೆಂಬರಲ್ಲಿ ಚೆನ್ನೈ ಕಡೆಯಿಂದ ನಾನು ಟಿಕೆಟ್ ಹಾಕಲ್ಲ. ಸಮುದ್ರದಲ್ಲಿ ಪುಯಲ್ ಎದ್ರೆ ಮುಗೀತು" ಎನ್ನುತ್ತಾರೆ. ಪುಯಲ್ ಎಂದರೆ ತಮಿಳಿನಲ್ಲಿ ಚಂಡಮಾರುತ, ಹೊಸೂರಿನಲ್ಲಿ ಕನ್ನಡದವರೂ ಹಾಗೇ ಅನ್ನುವುದು. "ಬೆಂಗಳೂರಲ್ಲಿ ಡಿಸೆಂಬರು ಜನವರಿ ಬೆಳಗಿನ ಜಾವದ ವಿಮಾನ ಬೇಡ. ಮಂಜು ಬೀಳುತ್ತೆ, ಗಲ್ಫಲ್ಲಿ ಮುಂದಿನ ವಿಮಾನ ತಪ್ಪುತ್ತೆ. ಮಕ್ಕಳು ಮರಿ ಕಟ್ಕೊಂಡು ಹೋಗೋರು ಅಲ್ಲಿ ಏನು ಮಾಡ್ತಾರೆ?"

ಇದಿಷ್ಟೇ ಆದರೆ ಕೆಲಸ ಸಲೀಸು. ಮನೆಯವರ ಲೆಕ್ಕ ಬೇರೆ ಇರುತ್ತದೆ. ಶಾಲೆಗೆ ರಜೆ ಸಿಗುವುದು ಪುಯಲ್ ಏಳುವ ಕಾಲದಲ್ಲೇ. ಕಾರ್ಖಾನೆಯವರಿಗೆ ರಜೆ ಸಿಗುವುದು ಸೂಪರ್‌ವೈಸರಿಗೆ ಮನಸ್ಸು ಬಂದಾಗ. ಆಷಾಢದಲ್ಲಿ ಕನ್ನಡದವರು ಹೊರಡುವುದಿಲ್ಲ, ಆಡಿ ಮಾಸದಲ್ಲಿ ತಮಿಳರು ಹೊರಡುವುದಿಲ್ಲ, ಎರಡೂ ಒಂದೇ ದಿನ ಶುರುವಾಗುವುದೂ ಇಲ್ಲ. ಗಂಡ ಆ ಕಡೆ, ಹೆಂಡತಿ ಈ ಕಡೆ ಆದರೆ ಎರಡನ್ನೂ ಬಿಡಬೇಕು. ಇನ್ನು ಮಾರ್ಗಳಿ ಅರ್ಥಾತ್ ಧನುರ್ಮಾಸ ಬಂತೆಂದರೆ ಎಲ್ಲ ಭಾಷೆಯವರೂ ಒಗ್ಗಟ್ಟಾಗಿ ಮನೆಯಲ್ಲಿ ಕೂರುತ್ತಾರೆ.

ಇದಕ್ಕೆ ಭಾಗ್ಯಲಕ್ಷ್ಮಿ ಹುಡುಕಿಕೊಂಡಿರುವ ದಾರಿ ಜೆರಾಕ್ಸ್ ಯಂತ್ರದ ಮೇಲಿನ ಹಲಗೆಯಲ್ಲಿದೆ. ಅಲ್ಲಿ ಸಾಲಾಗಿ ಹಳದಿ ಬಟ್ಟೆಯ ಚೀಲಗಳು, ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಡುತ್ತಾರಲ್ಲ ಅವೇ. ಬಾಯಿಗೆ ಅರಿಸಿನದ ದಾರ, ಮೇಲೆ ಹೆಸರಿನ ಚೀಟಿ. ಇವು ಪ್ರಸ್ಥಾನದ ಚೀಲಗಳು. ಹೊರಡಬೇಕಾದ ದಿನ ಒಳ್ಳೆಯದಿಲ್ಲದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಪ್ರಯಾಣದ ಸಾಮಾನು ಒಂದಿಷ್ಟನ್ನು ಚೀಲದಲ್ಲಿ ಹಾಕಿ ಬೇರೆಯವರ ಮನೆಯಲ್ಲಿಟ್ಟು ಬರುವುದು ಹಳೆಯ ಪದ್ಧತಿ. ಚೀಲ ಹೊರಟರೆ ಆಳು ಹೊರಟ ಹಾಗೆ. ಅದು ಮತ್ತೆ ಮನೆಯೊಳಗೆ ಹೋಗಬಾರದು, ಪ್ರಯಾಣದ ದಿನ ದಾರಿಯಲ್ಲೇ ಎತ್ತಿಕೊಳ್ಳಬೇಕು.

"ಜಲಜಮ್ಮ ಅಂತ, ನಮ್ಮ ಗೋಪೀನಾಥ ಮೇಷ್ಟ್ರ ತಾಯಿ. ಸಿಂಗಪುರಕ್ಕೆ ಹೋಗೋವಾಗ ಪಕ್ಕದ ಮನೆ ಬೀಗ ಹಾಕಿತ್ತು ಅಂತ ನನ್ನ ಅಂಗಡೀಲಿ ಚೀಲ ಇಟ್ರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲಾರೂ ಶುರು ಹಚ್ಕೊಂಡ್ರು" ಎಂದು ಭಾಗ್ಯಲಕ್ಷ್ಮಿ ಹೇಳುತ್ತಾರೆ. ಶಾಸ್ತ್ರದ ಪ್ರಕಾರ ಚೀಲ ಇಂತಿಷ್ಟೇ ದಿನ ಇರಬೇಕಂತೆ. "ಅದನ್ನ ನಾನು ಯಾರನ್ನೂ ಕೇಳೋಕೆ ಹೋಗಿಲ್ಲ. ಕೇಳಿದ್ರೆ ಹೇಳ್ಬುಡ್ತಾರೆ." ಅವರದು ಒಂದೇ ಷರತ್ತು, ಚೀಲದೊಳಗೆ ಪಾಸ್‌ಪೋರ್ಟ್ ಇಡಬಾರದು. ಇಟ್ಟವರು ಅದನ್ನು ಮರೆತು ಅಂಗಡಿಯ ಮುಂದೆಯೇ ಕಾರಿನಲ್ಲಿ ಸಾಗಿ ಹೋದದ್ದಿದೆ.

ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಭಾಗ್ಯಲಕ್ಷ್ಮಿ ಹನ್ನೊಂದು ವರ್ಷ ಬಿಡಿಭಾಗ ಜೋಡಿಸುತ್ತಿದ್ದರು. ಕಣ್ಣು ಸೋತಿತು ಎಂದು ಬಿಟ್ಟರು. ಆಗ ಈ ಅಂಗಡಿ ಅಂಬರೀಶ್ ಎಂಬುವರದು, ಬಸ್ ಟಿಕೆಟ್ಟಿನ ವ್ಯಾಪಾರ. ಅವರ ಹತ್ತಿರ ಕೆಲಸಕ್ಕೆ ಸೇರಿದವರು, ಅಂಬರೀಶ್ ಊರು ಬಿಟ್ಟಾಗ ಅಂಗಡಿಯನ್ನೇ ವಹಿಸಿಕೊಂಡರು. ಗಂಡ ನಿರಂಜನ ಶಿಫ್ಟ್ ಕೆಲಸಗಾರ, ಅವರು ಮಲಗುವ ಹೊತ್ತಿಗೆ ಇವರು ಏಳುತ್ತಾರೆ. ಕೊರೊನಾ ಕಾಲದಲ್ಲಿ ವಿಮಾನಗಳೆಲ್ಲ ನಿಂತು, ಟಿಕೆಟ್ ತೆಗೆಸಿದವರು ಅಂಗಡಿಯ ಮುಂದೆ ಬಂದು ಬಾಯಿಗೆ ಬಂದ ಹಾಗೆ ಬೈದರು. "ಬೈಸ್ಕೊಳ್ಳೋದೂ ಕೆಲ್ಸಾನೇ ಸಾರ್. ನಾನು ಹೇಳಿದ ದಿನಾನೇ ಅಲ್ವಾ ಅವರು ತೆಗೆಸಿದ್ದು" ಎನ್ನುತ್ತಾರೆ. ಅವರ ವಿಮಾನದ ಅನುಭವ ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಾರೆ, ಇದುವರೆಗೂ ಹತ್ತಿಲ್ಲ.

ನಾನು ಅಂಗಡಿಗೆ ಹೋಗಿ ಬರುವ ದಿನಗಳಲ್ಲಿ ಹಲಗೆಯ ತುದಿಯಲ್ಲಿ ಒಂದು ದಪ್ಪ ಚೀಲವಿದೆ. ರಾಯಕೋಟೆಯ ಹತ್ತಿರದ ಪಾರ್ವತಮ್ಮನದು. ಅವರ ಮಗಳು ರಮ್ಯ ಐರ್ಲೆಂಡಿನ ಡಬ್ಲಿನ್ನಿನಲ್ಲಿ ನರ್ಸು, ಅಳಿಯ ಕುಮಾರೇಶ್ ಅಲ್ಲೇ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ರಮ್ಯಳಿಗೆ ಚೊಚ್ಚಲು, ಸಂಕ್ರಾಂತಿ ಹೊತ್ತಿಗೆ ಹೆರಿಗೆ ಎಂದು ಹೇಳಿದ್ದಾರೆ. ಪಾರ್ವತಮ್ಮನ ಗಂಡ ವೆಂಕಟೇಶಪ್ಪ ಮಾವಿನ ಹೂವಿಗೆ ಔಷಧಿ ಹೊಡೆಯಬೇಕು, ಹಸುಗಳನ್ನು ನೋಡಬೇಕು. ಹಾಗಾಗಿ ಹೊರಟಿರುವುದು ಪಾರ್ವತಮ್ಮ ಒಬ್ಬರೇ, ಅದೂ ಜೀವನದಲ್ಲಿ ಮೊದಲ ಸಲ.

ಇವರ ಟಿಕೆಟ್ಟಿನ ದಿನ ಗೊತ್ತು ಮಾಡಲು ಹತ್ತಾರು ಸಲ ಫೋನು ಓಡಾಡಿದೆ. ವೀಸಾದವರು ಮೂರು ತಿಂಗಳಿಗಿಂತ ಹೆಚ್ಚು ಇರಲು ಬಿಡುವುದಿಲ್ಲ. ಧನುರ್ಮಾಸಕ್ಕೆ ಮುಂಚೆ ಹೋದರೆ ಹೆರಿಗೆಗೆ ಮೊದಲೇ ಒಂದು ತಿಂಗಳು ಸುಮ್ಮನೆ ಖರ್ಚಾಗುತ್ತದೆ, ಮಗು ಕತ್ತು ನಿಲ್ಲಿಸುವ ಮೊದಲೇ ಅಜ್ಜಿ ವಾಪಸು. ಸಂಕ್ರಾಂತಿ ಆದ ಮೇಲೆ ಹೋದರೆ ಹೆರಿಗೆಗೇ ಸಿಗುವುದಿಲ್ಲ. ಫೋನಿನಲ್ಲಿ ರಮ್ಯ ಭಾಗ್ಯಲಕ್ಷ್ಮಿಗೆ ಒಂದೇ ಮಾತು ಹೇಳಿದ್ದಳಂತೆ. "ನೋವು ತಿನ್ನೋ ಎಷ್ಟೋ ಜನರ ಕೈ ಹಿಡ್ಕೊಂಡಿದೀನಿ ಅಕ್ಕ. ನನ್ನ ಕೈ ಹಿಡ್ಕೊಳ್ಳೋಕೆ ನಮ್ಮಮ್ಮ ಬೇಕು." ಅದಕ್ಕೇ ಭಾಗ್ಯಲಕ್ಷ್ಮಿ ಧನುರ್ಮಾಸ ಹುಟ್ಟುವ ಮುಂಚೆ ಚೀಲ ಇಡಿಸಿ, ಜನವರಿ ಮೊದಲ ವಾರಕ್ಕೆ ರಾತ್ರಿಯ ವಿಮಾನ ಹಾಕಿದ್ದಾರೆ. ವಾಪಸಿನ ಟಿಕೆಟ್ಟು ವೀಸಾ ಮುಗಿಯುವುದಕ್ಕೆ ಒಂದು ವಾರ ಮುಂಚೆಗೆ. ಕೊನೆಯ ದಿನಕ್ಕೆ ಅವರು ಯಾರ ಟಿಕೆಟ್ಟನ್ನೂ ಹಾಕುವುದಿಲ್ಲ, ಗಾಳಿಯೋ ಮಳೆಯೋ ಎದ್ದರೆ ವಾಯಿದೆ ಮೀರುತ್ತದೆ ಎಂಬ ಭಯ.

ಡಿಸೆಂಬರ್ ಕೊನೆಯ ವಾರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕುಮಾರೇಶನ ಫೋನು ಬರುತ್ತದೆ. ರಮ್ಯಳಿಗೆ ಬಿ.ಪಿ. ಏರಿದೆ, ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಿಸಿಕೊಂಡು ನೋವು ಬರಿಸುತ್ತಾರಂತೆ. ಅತ್ತೆಯನ್ನು ಈಗಲೇ ಕಳಿಸಬೇಕು. ಭಾಗ್ಯಲಕ್ಷ್ಮಿ ಕಂಪ್ಯೂಟರಿನ ಕಡೆ ತಿರುಗುತ್ತಾರೆ. ಬೆಳಗಿನ ಜಾವದ ವಿಮಾನದಲ್ಲಿ ಸೀಟಿದೆ, ಹಿಡಿದರೆ ನಾಳೆ ಮಧ್ಯಾಹ್ನಕ್ಕೇ ಡಬ್ಲಿನ್. ಅದು ಬಿಟ್ಟರೆ ನಾಳೆ ರಾತ್ರಿಯದು, ಮುಟ್ಟುವುದು ನಾಡಿದ್ದು ಮಧ್ಯಾಹ್ನ. ಅವರು ವೆಂಕಟೇಶಪ್ಪನಿಗೆ ಫೋನು ಮಾಡಿ, "ಅಮ್ಮನ್ನ ಹೊರಡ್ಸಿ. ಪಾಸ್‌ಪೋರ್ಟ್ ಕೈಲಿ ಹಿಡ್ಕೊಂಡು ಹೇಳಿ, ಬೆಳಗಿನ ಜಾವದ್ದಕ್ಕೆ ಬದಲಾಯಿಸ್ತೀನಿ" ಎನ್ನುತ್ತಾರೆ. ಈ ಟಿಕೆಟ್ಟಿನಲ್ಲಿ ಹೋಗುವ ದಿನವನ್ನು ಒಮ್ಮೆ, ಬರುವ ದಿನವನ್ನು ಒಮ್ಮೆ ಮಾತ್ರ ಬದಲಾಯಿಸಬಹುದು.

ಪಾಸ್‌ಪೋರ್ಟ್ ಸಿಗುವುದಿಲ್ಲ. ಬೀರು, ಪೆಟ್ಟಿಗೆ, ದೇವರ ಮನೆ, ಹಾಸಿಗೆಯ ಅಡಿ. ಫೋನಿನಲ್ಲಿ ಪಾರ್ವತಮ್ಮ ಅಳುವುದು ನನಗೂ ಕೇಳಿಸುತ್ತದೆ. ಹೆಚ್ಚೂಕಡಿಮೆ ಒಂದು ತಾಸು ಹೀಗೇ ಆಗುತ್ತದೆ. ಆಮೇಲೆ ವೆಂಕಟೇಶಪ್ಪ ತಾವೇ ಫೋನು ಮಾಡುತ್ತಾರೆ, ದನಿ ಪಾತಾಳಕ್ಕಿಳಿದಿದೆ.

"ಅದು ನಿಮ್ ಅಂಗ್ಡಿ ಚೀಲ್ದಾಗೇ ಅದೆ ಕಣಮ್ಮ. ನಾನೇ ಇಟ್ಟಿದ್ದು. ನೀವು ಬ್ಯಾಡ ಅಂದಿದ್ರಿ, ಅದ್ಕೇ ಅವ್ಳಿಗೂ ಹೇಳ್ನಿಲ್ಲ. ಊರು ಬುಟ್ಟು ಹೋಗಾಕೆ ಮುಖ್ಯವಾದ್ದು ಅದೇ ಅಲ್ವಾ? ಅದ್ನೇ ಮನೇಲಿ ಮಡೀಕಂಡು ಬಟ್ಟೆಬರೆ ಕಳಿಸುದ್ರೆ ಅದೆಂಥ ಪ್ರಸ್ತಾನ?"

"ಅಯ್ಯೋ ದೇವ್ರೇ" ಎಂದು ಭಾಗ್ಯಲಕ್ಷ್ಮಿ ಹಣೆ ಹಿಡಿದುಕೊಳ್ಳುತ್ತಾರೆ. ಅಷ್ಟು ಹೊತ್ತೂ ಪಾಸ್‌ಪೋರ್ಟ್ ಅವರ ತಲೆಯ ಮೇಲಿನ ಹಲಗೆಯಲ್ಲೇ ಇತ್ತು.

ಆದರೆ ಆ ಒಂದು ತಾಸಿನಲ್ಲಿ ಭಾಗ್ಯಲಕ್ಷ್ಮಿ ಸುಮ್ಮನೆ ಕೂತಿಲ್ಲ. ಮುನೀಶ್‌ಗೆ ಫೋನು ಮಾಡಿದ್ದಾರೆ. ಮೂರು ದಿನದಿಂದ ಬೆಳಗಿನ ಜಾವ ಮಂಜೇ ಮಂಜು, ಇವತ್ತೂ ವಿಮಾನಗಳು ತಡವಾದವು, ಇಳಿಯಬೇಕಾದ್ದನ್ನು ಚೆನ್ನೈಗೆ ತಿರುಗಿಸಿದರಂತೆ ಎಂದು ಅವನು ಹೇಳಿದ್ದಾನೆ. ಕಂಪ್ಯೂಟರು ಕೂಡ ನಾಳೆ ಮಂಜು ಎನ್ನುತ್ತಿದೆ. ಗಲ್ಫಿನಲ್ಲಿ ಎರಡನೆಯ ವಿಮಾನಕ್ಕೆ ಇರುವ ಬಿಡುವು ಚಿಕ್ಕದು. ಪಾರ್ವತಮ್ಮನಿಗೆ ಕನ್ನಡ ತೆಲುಗು ಚೆನ್ನಾಗಿ ಬರುತ್ತದೆ, ತಮಿಳು ಸಂತೆಗೆ ಆಗುವಷ್ಟು. ವಿಮಾನ ತಪ್ಪಿದರೆ ಆಯಮ್ಮ ಯಾರನ್ನು ಕೇಳಬೇಕು, ಏನೆಂದು ಕೇಳಬೇಕು? ಅವರು ಕುಮಾರೇಶನಿಗೆ ಫೋನು ಮಾಡುತ್ತಾರೆ.

"ರಾತ್ರಿದಕ್ಕೆ ಹಾಕ್ತೀನಪ್ಪ. ಬೆಳಗಿನ ಜಾವದ್ದು ಬೇಡ."

"ಅಕ್ಕ, ಏನಾರ ಆಗ್ಲಿ, ಬೆಳಗ್ಗೆದ್ರಲ್ಲೇ ಕಳ್ಸಿ. ಇವಳು ಅಮ್ಮ ಅಮ್ಮ ಅಂತಾವ್ಳೆ."

"ಏನಾರ ಆದ್ರೆ ಆಯಮ್ಮ ಗಲ್ಫಲ್ಲಿ ಒಂಟಿಯಾಗಿ ಕೂರಬೇಕು, ನಾಡಿದ್ದೂ ಬರೋಕಾಗಲ್ಲ. ಹೆರಿಗೆ ಅನ್ನೋದು ನಾಳೇನೇ ಆಗ್ಬುಡುತ್ತೆ ಅಂತಿಲ್ಲ, ಚೊಚ್ಚಲು ನಿಧಾನ. ರಾತ್ರಿದಾದ್ರೆ ನಾಡಿದ್ದು ಮುಟ್ಟೋದು ಗ್ಯಾರಂಟಿ."

"ನೀವು ಹೆಂಗಂತೀರೋ ಹಂಗೆ" ಎಂದು ಅವನು ಫೋನಿಡುತ್ತಾನೆ. ಭಾಗ್ಯಲಕ್ಷ್ಮಿ ರಾತ್ರಿಯ ವಿಮಾನಕ್ಕೆ ಬದಲಾಯಿಸಿ ಗುಂಡಿ ಒತ್ತುತ್ತಾರೆ.

ಮಾರನೆಯ ಮುಂಜಾನೆ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತಿದೆ. ಗುಡಿಯ ದೀಪವೂ ಕಾಣುತ್ತಿದೆ. ಭಾಗ್ಯಲಕ್ಷ್ಮಿ ಫೋನು ಮಾಡುವ ಮೊದಲೇ ಮುನೀಶ್‌ನದೇ ಬರುತ್ತದೆ. "ಅಕ್ಕ, ಇವತ್ತು ಒಂಚೂರೂ ಇಲ್ಲ. ವಿಮಾನ ಎಲ್ಲಾ ಟೈಮಿಗೆ ಸರ್ಯಾಗಿ ಎದ್ದೋಗ್ತಾವೆ." ಇವರು ಹೂಂ ಎಂದು ಇಟ್ಟು, ಅಲ್ಲೇ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಡುತ್ತಾರೆ.

"ಬೆಟ್ಟ ಕಂಡ್ರೂ ಇವತ್ತು ಕಾಫಿ ಇಳಿಯಲ್ಲ ಸಾರ್" ಎನ್ನುತ್ತಾರೆ ನನಗೆ. "ರಾತ್ರಿಯೆಲ್ಲಾ ಮಂಜು ಬರ್ಲಪ್ಪಾ ಅಂತ ದೇವರಿಗೆ ಕೈ ಮುಗ್ದಿದೀನಿ. ಇಂಥಾದ್ದು ಬೇಡ್ಕೊಳ್ಳೋಳು ಈ ಊರಲ್ಲಿ ನಾನೊಬ್ಬಳೇ ಇರ್ಬೇಕು. ಪಾಸ್‌ಪೋರ್ಟು ತಕ್ಷಣ ಸಿಕ್ಕಿದ್ದಿದ್ರೆ ಬೆಳಗ್ಗೆದ್ದೇ ಹಾಕ್ಬುಡ್ತಿದ್ದೆ. ಯೋಚ್ನೆ ಮಾಡೋಕೆ ಟೈಮು ಸಿಕ್ತು, ಯೋಚ್ನೆ ಮಾಡ್ದೆ, ಕೆಡಿಸ್ದೆ."

ಮಧ್ಯಾಹ್ನ ಪಾರ್ವತಮ್ಮ ಅಂಗಡಿಗೆ ಬಂದು ಚೀಲ ಎತ್ತಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ತೆಗೆಯಲು ದಾರ ಬಿಚ್ಚಬೇಕಲ್ಲ, ಅದಕ್ಕೆ ಮೊದಲು ಚೀಲಕ್ಕೆ ಕೈ ಮುಗಿಯುತ್ತಾರೆ. ಒಳಗೆ ಓಮ, ಒಣಶುಂಠಿ, ಬಾಣಂತಿ ಖಾರದ ಪುಡಿ, ಮಗುವಿಗೆ ಹಳೆಯ ಸೀರೆಯ ಮೆತ್ತನೆ ತುಂಡುಗಳು, ನಡುವೆ ಪಾಸ್‌ಪೋರ್ಟ್. ಭಾಗ್ಯಲಕ್ಷ್ಮಿ ಅವರ ಕೈಗೆ ಒಂದು ಹಾಳೆ ಕೊಡುತ್ತಾರೆ, ಗಲ್ಫಿನಲ್ಲಿ ಯಾರಿಗೆ ತೋರಿಸಿದರೂ ದಾರಿ ಹೇಳುವ ಹಾಗೆ ದಪ್ಪಕ್ಷರದ ಇಂಗ್ಲಿಷ್ ಪ್ರಿಂಟು. ಬೆಳಗಿನ ವಿಮಾನ ಸಮಯಕ್ಕೆ ಹೋಯಿತು ಎಂಬುದನ್ನೂ ಮುಚ್ಚಿಡದೆ ಹೇಳುತ್ತಾರೆ. ಪಾರ್ವತಮ್ಮ ಹಾಳೆ ಮಡಿಸುತ್ತಾ, "ಆಯ್ತು ಬುಡಿ, ಈಗ ಹೊಂಟ್ನಲ್ಲ" ಎಂದಷ್ಟೇ ಹೇಳಿ ಕಾರು ಹತ್ತುತ್ತಾರೆ.

ಪಾರ್ವತಮ್ಮ ಗಲ್ಫಿನ ನಿಲ್ದಾಣದಲ್ಲಿ ಎರಡನೆಯ ವಿಮಾನಕ್ಕೆ ಕಾಯುತ್ತಾ ಕೂತಿದ್ದಾಗ ಡಬ್ಲಿನ್ನಿನಲ್ಲಿ ಹೆರಿಗೆಯಾಗುತ್ತದೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಬೆಳಗಿನ ವಿಮಾನದಲ್ಲಿ ಹೋಗಿದ್ದರೆ ಅವರು ಮಗಳ ಪಕ್ಕದಲ್ಲಿರುತ್ತಿದ್ದರು. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಭಾಗ್ಯಲಕ್ಷ್ಮಿಯೂ ಅನುಮಾನದ ಆಸರೆ ಹುಡುಕುವುದಿಲ್ಲ.

ಎರಡು ದಿನ ಬಿಟ್ಟು ವೆಂಕಟೇಶಪ್ಪ ಅಂಗಡಿಗೆ ಬರುತ್ತಾರೆ. ಕೂರಿ ಎಂದರೆ ಕೂರುವುದಿಲ್ಲ.

"ಬೆಳಗ್ಗೆದ್ರಾಗೆ ಹೋಗಿದ್ರೆ ಸಿಕ್ತಿದ್ಲಲ್ಲಮ್ಮ. ನನ್ ಮಗ್ಳು ಒಬ್ಳೇ ನೋವು ತಿಂದವ್ಳೆ."

"ಹೌದಣ್ಣ, ಸಿಕ್ತಿದ್ರು. ನಾನು ಹೇಳಿದ್ದು ತಪ್ಪಾಯ್ತು."

ಮಂಜಿನ ಕಥೆ, ಕಂಪ್ಯೂಟರಿನ ಕಥೆ ಯಾವುದನ್ನೂ ಅವರು ತೆಗೆಯುವುದಿಲ್ಲ. ಜಗಳಕ್ಕೆಂದೇ ಬಂದ ಮನುಷ್ಯನಿಗೆ ಇದರಿಂದ ಪೇಚಾಟಕ್ಕಿಟ್ಟುಕೊಳ್ಳುತ್ತದೆ. ನನ್ನ ಮುಖ ನೋಡುತ್ತಾರೆ, ಬಾಗಿಲು ನೋಡುತ್ತಾರೆ, ಕೊನೆಗೆ ಬೆಂಚಿನ ತುದಿಯಲ್ಲಿ ಕೂರುತ್ತಾರೆ. "ಚೀಲ್ದಾಗೆ ಅದ್ನ ಇಟ್ಟೋನೂ ನಾನೇ ಬುಡಿ. ಯಾರ್ನಂತ ಬಯ್ಯಾದು" ಎನ್ನುತ್ತಾರೆ. ಟೀ ಬರುತ್ತದೆ. ಇಬ್ಬರೂ ಕುಡಿಯುತ್ತಾರೆ.

ಆಗಲೇ ಫೋನು ಬರುವುದು. ಹೆಸರು ನೋಡಿ ಭಾಗ್ಯಲಕ್ಷ್ಮಿ ಎತ್ತುವುದೋ ಬೇಡವೋ ಎಂದು ಒಂದು ಗಳಿಗೆ ಕೈ ಹಿಂದೆಗೆಯುತ್ತಾರೆ. ರಮ್ಯ. ಸ್ಪೀಕರಿಗೆ ಹಾಕಿದ ಮೇಲೆ ಸಣ್ಣ ದನಿ ಅಂಗಡಿಯೆಲ್ಲ ಕೇಳುತ್ತದೆ.

"ಅಕ್ಕ, ನಿಮ್ಮ ಮೇಲೆ ಕೋಪ ಬಂದಿತ್ತು. ಸುಳ್ಳು ಯಾಕೆ ಹೇಳ್ಲಿ. ಅವತ್ತು ನಿಮ್ಮನ್ನ ತುಂಬಾ ಬೈಕೊಂಡೆ."

"ಬೈಕೋಮ್ಮ. ಬೈಕೊಳ್ಳದೆ ಏನು ಮಾಡ್ತೀಯ?"

"ಅಮ್ಮ ಬಂದಾಗ ನಂಗೆ ನಿದ್ದೆ. ಎಚ್ಚರ ಆದಾಗ ಮಗು ಅಮ್ಮನ ಮಡ್ಲಲ್ಲಿತ್ತು. ಅಳು ಬಂತು ನಂಗೆ. ಅಳ್ಬೇಡ್ವೇ, ಹಾಲು ಕಮ್ಮಿಯಾಗುತ್ತೆ ಅಂತ ಅಮ್ಮ ಬಂದ ತಕ್ಷಣ ಬೈಯೋಕೆ ಶುರು." ಅವಳು ಅಳುತ್ತಾ ನಗುತ್ತಾಳೆ. ವೆಂಕಟೇಶಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ಅಕ್ಕ, ಅಮ್ಮ ಬೇಗ ಬಂದಿದ್ದಕ್ಕೆ ವೀಸಾದ ಮೂರು ತಿಂಗಳೂ ಬೇಗ ಮುಗಿಯುತ್ತೆ, ವಾಪಸ್ ಟಿಕೆಟ್ ಬದಲಾಯಿಸ್ಬೇಕಲ್ಲ. ಯಾವತ್ತಿಗೆ ಹಾಕ್ತೀರ? ನೀವೇ ಹೇಳಿ."

ಇಷ್ಟೆಲ್ಲ ಆದ ಮೇಲೂ ನೀವೇ ಹೇಳಿ ಎನ್ನುತ್ತಿದ್ದಾಳೆ. ಭಾಗ್ಯಲಕ್ಷ್ಮಿ ಗೋಡೆಯ ಕ್ಯಾಲೆಂಡರುಗಳನ್ನು ನೋಡಲು ಎದ್ದವರು ಹಾಗೇ ನಿಲ್ಲುತ್ತಾರೆ. ಮಾರ್ಚಿನ ಕೊನೆ. ಇಲ್ಲಿ ಮಂಜಿರುವುದಿಲ್ಲ, ಪುಯಲ್ ಇರುವುದಿಲ್ಲ. ಅಲ್ಲಿ ಗಾಳಿ ಎದ್ದರೂ ಎದ್ದೀತು.

"ಕೊನೇ ದಿನಕ್ಕೇ ಹಾಕ್ತೀನಮ್ಮ" ಎನ್ನುತ್ತಾರೆ.

ಒಂದು ವಾರ ಮುಂಚೆ ಹಾಕುವವರಲ್ಲವೇ ನೀವು ಎಂದು ಫೋನಿಟ್ಟ ಮೇಲೆ ನಾನು ಕೇಳುತ್ತೇನೆ. ಗಾಳಿ ಬಂದರೆ?

"ಬಂದ್ರೆ ಬೈಸ್ಕೋತೀನಿ ಸಾರ್" ಎಂದು ಅವರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. "ಆಯಮ್ಮಂದು ಒಂದು ದಿನ ನನ್ನ ಭಯದಿಂದ ಹೋಯ್ತು. ಈ ಏಳು ದಿನ ಮೊಮ್ಮಗಳ ಜೊತೆ ಇರ್ಲಿ."